ಅವ್ವನ ಹರಕೆ ಹೊತ್ತು ಮೇಲುಕೋಟೆಗೆ

ಮೇಲುಕೋಟೆ ಎಂದೊಡನೆ ನಿಮಗೆ ಮೊದಲು ಏನು ನೆನಪಾಗುತ್ತದೆ, ಹೇಳಿ ನೋಡೋಣ? ಅಡಿಗೆಮನೆಯಲ್ಲೇ ಅರ್ಧ ಆಯುಸ್ಸು ಕಳೆಯುವ ನಮ್ಮಂಥವರಿಗೆ ಪುಳಿಯೋಗರೆ ನೆನಪಾಗುತ್ತೆ. ಹಿರಿಯರನ್ನು ಕೇಳಿದರೆ ಕೈಮುಗಿದು "ವೈರಮುಡಿ" ಅನ್ನುತ್ತಾರೆ. ಮಕ್ಕಳನ್ನು ಕೇಳಿದರೆ "ಸಿನಿಮಾದಲ್ಲಿ ಹಾಡು ತೆಗೀತಾರಲ್ಲ, ಆ ಕಲ್ಯಾಣಿ ಇರೋ ಊರು" ಎಂದುಬಿಡುತ್ತವೆ. ನನಗೂ ಹೀಗೇ ಇತ್ತು. ಆದರೆ ಕಳೆದ ಮಾಘ ಮಾಸದಲ್ಲಿ ನನ್ನ ತಂಗಿಯ ಜೊತೆ ಹೋಗಿ ಬಂದ ಮೇಲೆ, ಮೇಲುಕೋಟೆ ಎಂದರೆ ಅಲ್ಲಿನ ಎರಡು ಕೊಳಗಳೇ ಕಣ್ಣ ಮುಂದೆ ಬರುತ್ತವೆ. ಆ ವಿಷಯ ಆಮೇಲೆ ಹೇಳ್ತೀನಿ. ಮೊದಲು ನಾವು ಹೋದದ್ದು ಯಾಕೆ ಅನ್ನೋದನ್ನ ಹೇಳಬೇಕು.

ನಮ್ಮೂರು ಮಂಡ್ಯದ ಹತ್ತಿರ. ಹಾಗಾಗಿ ಮೇಲುಕೋಟೆ ನಮಗೆ ದೂರದ ಕ್ಷೇತ್ರವಲ್ಲ. ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರನ್ನೂ ವೈರಮುಡಿಗೆ ಕರೆದುಕೊಂಡು ಹೋಗಿದ್ದಳು. ಆ ಜನಜಂಗುಳಿಯಲ್ಲಿ ತಪ್ಪಿಸಿಕೊಂಡೇವು ಎಂದು ನನ್ನ ಲಂಗದ ತುದಿಗೆ ತಂಗಿಯ ಲಂಗದ ತುದಿ ಗಂಟು ಹಾಕಿದ್ದಳು. ಮದುವೆಯಾದ ಮೇಲೆ ತಂಗಿ ಮೈಸೂರು ಸೇರಿದಳು, ನಾನು ಇಲ್ಲೇ ಉಳಿದೆ. ಇಪ್ಪತ್ತು ವರ್ಷದ ಹಿಂದೆ ತಂಗಿಯ ಹೆರಿಗೆ ತುಂಬಾ ಕಷ್ಟವಾಯಿತು. ತಾಯಿ ಮಗು ಇಬ್ಬರೂ ಉಳಿಯೋದು ಅನುಮಾನ ಅಂದಾಗ ಅವ್ವ ಆಸ್ಪತ್ರೆಯ ಬಾಗಿಲಲ್ಲಿ ಕೂತು, "ಯೋಗಾನರಸಿಂಹ, ಇಬ್ಬರನ್ನೂ ಉಳಿಸಿಕೊಡು, ನಿನ್ನ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಇಟ್ಟು ಬರ್ತೀನಿ" ಎಂದು ಹರಕೆ ಹೊತ್ತಳು. ದೇವರು ಕಣ್ಣು ಬಿಟ್ಟ. ಆ ಮಗು ಈಗ ಕಾಲೇಜಿಗೆ ಹೋಗುತ್ತೆ. ಆದರೆ ಹರಕೆ ಮಾತ್ರ ತೀರಲಿಲ್ಲ. ಒಂದು ವರ್ಷ ಅಪ್ಪನ ಕಾಯಿಲೆ, ಮುಂದಿನ ವರ್ಷ ಸೂತಕ, ಆಮೇಲೆ ಅವ್ವನ ಮಂಡಿನೋವು. ಹೀಗೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅವ್ವ ಎಂಟು ತಿಂಗಳು ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಳು. "ನರಸಿಂಹನ ಸಾಲ ಉಳೀತು ಕಣೇ" ಎಂದು ರಾತ್ರಿ ಹೊತ್ತು ಹಲುಬುತ್ತಿದ್ದಳು.

ಇನ್ನು ನನ್ನ ವಿಷಯ. ಮದುವೆಯಾದ ಮೊದಲ ತಿಂಗಳಿಂದ ನನಗೆ ಲೆಕ್ಕ ಬರೆಯುವ ಅಭ್ಯಾಸ. ಹಾಲು, ಮೊಸರು, ಸೊಪ್ಪಿನವಳಿಗೆ ಕೊಟ್ಟ ಚಿಲ್ಲರೆ, ಎಲ್ಲವೂ ಪುಸ್ತಕದಲ್ಲಿ ಇರಬೇಕು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಈ ಅಭ್ಯಾಸ ಇದ್ದೀತು. ಒಬ್ಬರ ಸಂಬಳದಲ್ಲಿ ಮನೆ ನಡೆಸುವವಳಿಗೆ ಲೆಕ್ಕ ಇಡದೆ ಬೇರೆ ದಾರಿಯಾದರೂ ಏನಿದೆ ಹೇಳಿ? ಅವ್ವನ ಮಾತ್ರೆ, ಇಂಜೆಕ್ಷನ್ನು, ನೋಡಿಕೊಳ್ಳಲು ಬರುತ್ತಿದ್ದ ಆಯಾಳ ಕೂಲಿ, ಇದೆಲ್ಲವನ್ನೂ ಬರೆದಿಟ್ಟಿದ್ದೆ. ಅದರಲ್ಲಿ ತಪ್ಪಿಲ್ಲ ಎಂದು ಇವತ್ತೂ ಹೇಳ್ತೀನಿ. ತಪ್ಪಿದ್ದು ಎಲ್ಲಿ ಗೊತ್ತೇ? ಅವ್ವನ ತಿಥಿಯ ದಿನ, ನೆಂಟರೆಲ್ಲ ಎಲೆ ಎತ್ತುವ ಹೊತ್ತಿಗೆ, ಆ ಪುಸ್ತಕ ತಂದು ತಂಗಿಯ ಮುಂದೆ ಓದಿದೆ. ಅವ್ವನ ಎರಡು ಚಿನ್ನದ ಬಳೆ ಇದ್ದವಲ್ಲ, ಅವು ಯಾರಿಗೆ ಸೇರಬೇಕು ಅನ್ನೋ ಮಾತಿನಲ್ಲಿ ಬಾಯಿಗೆ ಬಾಯಿ ಬೆಳೆದು ಹಾಗಾಯಿತು. ತಂಗಿ ಪೂರ್ತಿ ಕೇಳಿಸಿಕೊಂಡಳು. "ಅವ್ವನಿಗೂ ಬಿಲ್ಲು ಮಾಡಿಟ್ಟಿದ್ದೀಯ, ಅಲ್ವಾ ಅಕ್ಕ?" ಅಂದಳು. ಬಳೆಗಳನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಆಮೇಲೆ ಎರಡು ವರ್ಷ ಮದುವೆ ಮುಂಜಿಗಳಲ್ಲಿ ಎದುರಾದರೆ "ಊಟ ಆಯ್ತಾ" ಎನ್ನುವುದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ.

ಈ ಮಾಘದಲ್ಲಿ ಒಂದು ಸಂಜೆ ಅವಳೇ ಫೋನು ಮಾಡಿದಳು. "ಅವ್ವನ ಹರಕೆ ಉಳಿದುಬಿಟ್ಟಿದೆ. ನಾನು ತೀರಿಸಬೇಕು ಅಂದ್ಕೊಂಡಿದ್ದೀನಿ. ನೀನೂ ಬರ್ತೀಯಾ?" ಅಷ್ಟೇ. ನಾನು ಬರ್ತೀನಿ ಅಂದೆ.

ಬುಧವಾರ ಹೊರಡೋದು ಎಂದು ನಿಶ್ಚಯ ಮಾಡಿದೆವು. ಶನಿವಾರ, ಭಾನುವಾರ ಜನ ಹೆಚ್ಚು. ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರು, ಮಂಡ್ಯದಿಂದ ಅದಕ್ಕಿಂತ ಕಡಮೆ. ಊರು ಪಾಂಡವಪುರ ತಾಲ್ಲೂಕಿಗೆ ಸೇರಿದ್ದು. ಅವಳು ಮೈಸೂರಿನ ಬಸ್ಸಿನಲ್ಲಿ, ನಾನು ಮಂಡ್ಯದ ಬಸ್ಸಿನಲ್ಲಿ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲವಲ್ಲ, ಕಂಡಕ್ಟರು ಸೊನ್ನೆ ರೂಪಾಯಿ ಟಿಕೆಟ್ಟು ಹರಿದುಕೊಟ್ಟ. ಅಭ್ಯಾಸಬಲದಿಂದ ಅದನ್ನೂ ಪರ್ಸಿನಲ್ಲಿ ಮಡಿಸಿಟ್ಟುಕೊಂಡೆ ಅಂದರೆ ನೀವು ನಗಬಹುದು! ಕೈಚೀಲದ ತಳದಲ್ಲಿ, ಹಳೇ ಕರ್ಚೀಫಿನಲ್ಲಿ ಗಂಟು ಕಟ್ಟಿ, ಅವ್ವನ ಎರಡು ಬಳೆಗಳನ್ನೂ ಇಟ್ಟುಕೊಂಡಿದ್ದೆ. ನರಸಿಂಹನ ಹುಂಡಿಗೆ ಹಾಕಿಬಿಟ್ಟರೆ ನನಗೂ ಬೇಡ, ಅವಳಿಗೂ ಬೇಡ, ಜಗಳ ತೀರಿತು ಎಂಬುದು ನನ್ನ ಎಣಿಕೆ. ಯಾರಿಗೂ ಹೇಳಿರಲಿಲ್ಲ, ನಮ್ಮೆಜಮಾನರಿಗೂ.

ಪಾಂಡವಪುರದ ಕಡೆಯ ಕಬ್ಬಿನ ಗದ್ದೆ, ತೆಂಗಿನ ತೋಟ ಮುಗಿದ ಮೇಲೆ ಬಸ್ಸು ಏರುತ್ತಾ ಹೋಗುತ್ತದೆ. ಬಂಡೆಗಳು, ಕುರುಚಲು ಕಾಡು, ಆಮೇಲೆ ಬೆಟ್ಟದ ತುದಿಯಲ್ಲಿ ನರಸಿಂಹನ ಗುಡಿಯ ಗೋಪುರ. ಮೇಲಿರುವ ಕೋಟೆಯಾದ್ದರಿಂದ ಮೇಲುಕೋಟೆ. ಯದುಗಿರಿ, ತಿರುನಾರಾಯಣಪುರ ಎಂದೂ ಹೆಸರಿದೆ. ಉತ್ತರದ ಬದರಿಗೆ ಹೋಗಲಾಗದವರಿಗೆ ಇದೇ ದಕ್ಷಿಣ ಬದರಿ ಎನ್ನುತ್ತಾರೆ. ಬಸ್ಸಿಳಿದರೆ ತಂಗಿ ಆಗಲೇ ಬಂದು ಕಾಯುತ್ತಿದ್ದಳು. ಕೈಯಲ್ಲಿ ಅರಿಸಿನದ ಡಬ್ಬಿ, ಕುಂಕುಮದ ಡಬ್ಬಿ, ಎರಡು ತೆಂಗಿನಕಾಯಿ. ಕೂದಲು ಅರ್ಧ ನರೆತಿತ್ತು. ಎರಡು ವರ್ಷದಲ್ಲಿ ನಾನದನ್ನು ಗಮನಿಸಿಯೇ ಇರಲಿಲ್ಲ.

ಮೊದಲು ಕಲ್ಯಾಣಿಗೆ ಹೋಗಿ ಕೈಕಾಲು ತೊಳೆದುಕೊಂಡೆವು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸುತ್ತಲೂ ಕಂಬಗಳ ಮಂಟಪ, ನೀರಿನಲ್ಲಿ ತಲೆಕೆಳಗಾಗಿ ಕಾಣುವ ಬೆಟ್ಟ. ಬೆಳಗಿನ ಹೊತ್ತು ಎಷ್ಟು ಪ್ರಶಾಂತ ಅಂತೀರಿ! ಮೆಟ್ಟಿಲ ಮೇಲೆ ಪಾಚಿ ಇರುತ್ತೆ, ಸೀರೆ ಎತ್ತಿಕಟ್ಟಿ ನಿಧಾನವಾಗಿ ಇಳಿಯಿರಿ. ಬೆಟ್ಟದ ಮೆಟ್ಟಿಲು ಅಲ್ಲಿಂದಲೇ ಶುರು.

ಮೊದಲ ಮೆಟ್ಟಿಲಿಗೆ ನಾನು ಅರಿಸಿನ ಹಚ್ಚಿದೆ, ಅವಳು ಕುಂಕುಮ ಇಟ್ಟಳು. ಎರಡನೆಯದಕ್ಕೂ ಹಾಗೇ. ಹೀಗೆ ಒಬ್ಬರ ಹಿಂದೆ ಒಬ್ಬರು ಬಾಗುತ್ತಾ, ಏಳುತ್ತಾ ಹತ್ತಿದೆವು. ಮುನ್ನೂರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ. ಬರೀ ಹತ್ತುವುದಾದರೆ ಅಂಥ ಕಷ್ಟವಿಲ್ಲ, ಕೂತು ಎದ್ದು ಹೋದರೆ ಅರ್ಧ ಗಂಟೆ ಸಾಕು. ಪ್ರತಿ ಮೆಟ್ಟಿಲಿಗೂ ಬಾಗಿ ಏಳುವುದು ಮಾತ್ರ ಬೇರೆಯೇ ಲೆಕ್ಕ. ನಲವತ್ತು ದಾಟಿದ ಸೊಂಟಕ್ಕೆ ಅದರ ರುಚಿ ಮರುದಿನ ಗೊತ್ತಾಯಿತು. ಮೊದಮೊದಲು ಮಾತೇ ಇರಲಿಲ್ಲ. "ಡಬ್ಬಿ ಹಿಡ್ಕೊ", "ಜಾರುತ್ತೆ ನೋಡ್ಕೊ", ಅಷ್ಟೇ. ಮೇಲಿನಿಂದ ಇಳಿದು ಬರುತ್ತಿದ್ದ ಹೆಂಗಸರು ನಮ್ಮ ಡಬ್ಬಿಯಿಂದಲೇ ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗಿಟ್ಟುಕೊಂಡು ಹೋದರು. ಒಂದು ಕೋತಿ ಬಂದು ತೆಂಗಿನಕಾಯಿ ಚೀಲಕ್ಕೇ ಕೈಹಾಕಿತು. ತಂಗಿ ಸೆರಗು ಬೀಸಿ "ಹೋಗೋ, ನರಸಿಂಹನದು ಅದು!" ಎಂದು ಗದರಿದಳು. ಥೇಟ್ ಅವ್ವನ ದನಿ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿಂದ ಮಾತು ಸ್ವಲ್ಪ ಸಡಿಲವಾಯಿತು.

ಅರ್ಧ ದಾರಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಾಗ, "ಎಷ್ಟು ಮೆಟ್ಟಿಲಾಯ್ತು ಅಕ್ಕ?" ಎಂದು ಕೇಳಿದಳು. ನಾನು ಎಣಿಸಿರಲೇ ಇಲ್ಲ! ಅವಳಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಇವಳು ಎಣಿಸದೆ ಬಿಡುವವಳಲ್ಲ ಎಂದು ಅವಳು ನನ್ನನ್ನೇ ನಂಬಿದ್ದಳಂತೆ.

ಮೇಲೆ ಯೋಗಾನರಸಿಂಹ ಸ್ವಾಮಿ. ಪ್ರಹ್ಲಾದನೇ ಪ್ರತಿಷ್ಠೆ ಮಾಡಿದ ಮೂರ್ತಿ ಎಂದು ಪ್ರತೀತಿ. ಉಗ್ರರೂಪವಲ್ಲ, ಕಾಲು ಮಡಿಸಿ, ಮಂಡಿಗೆ ಯೋಗಪಟ್ಟಿ ಬಿಗಿದು ಧ್ಯಾನಕ್ಕೆ ಕೂತ ನರಸಿಂಹ. "ನೋಡಕ್ಕ, ಅವ್ವನ ಥರಾನೇ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾನೆ" ಎಂದು ತಂಗಿ ಪಿಸುಗುಟ್ಟಿದಳು. ದೇವರ ಮುಂದೆ ನಗಬಾರದು, ಆದರೆ ಏನು ಮಾಡಲಿ? ನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು ಬಂತು. ಅವ್ವನ ಹೆಸರು, ಗೋತ್ರ ಹೇಳಿ ಅರ್ಚನೆ ಮಾಡಿಸಿದೆವು. ಕಾಯಿ ಒಡೆಸಿದೆವು.

ಹುಂಡಿಯ ಮುಂದೆ ನಿಂತು ಕೈಚೀಲದೊಳಗೆ ಕೈಹಾಕಿದೆ. ಕರ್ಚೀಫಿನ ಗಂಟು ಬೆರಳಿಗೆ ಸಿಕ್ಕಿತು. ಆದರೆ ಎತ್ತಲು ಕೈ ಬರಲಿಲ್ಲ. ಅವ್ವ ಹೊತ್ತದ್ದು ಅರಿಸಿನ ಕುಂಕುಮದ ಹರಕೆ, ಬಳೆಯ ಹರಕೆಯಲ್ಲ. ಇದು ದೇವರಿಗೆ ಕೊಡುವುದೋ, ತಂಗಿಯ ಕಣ್ಣು ತಪ್ಪಿಸಿ ಜಗಳದ ಗಂಟನ್ನು ದೇವರ ತಲೆಗೆ ಕಟ್ಟುವುದೋ ಎಂದು ಅನುಮಾನ ಬಂತು. ಹತ್ತು ರೂಪಾಯಿ ಹಾಕಿ ಈಚೆ ಬಂದೆ.

ಗುಡಿಯ ಹೊರಗಿನ ಬಂಡೆಯ ಮೇಲೆ ನಿಂತರೆ ಗಾಳಿ ಎಂದರೆ ಗಾಳಿ. ಕೆಳಗೆ ಕಲ್ಯಾಣಿ, ಅದರಾಚೆ ಚೆಲುವನಾರಾಯಣನ ಗುಡಿ, ಹೆಂಚಿನ ಮನೆಗಳ ಬೀದಿಗಳು, ದೂರದಲ್ಲಿ ಹಸಿರು ಬಯಲು. ಸ್ವಲ್ಪ ಹೊತ್ತು ಸುಮ್ಮನೆ ಕೂತು ಇಳಿದೆವು. ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ಚೆಲುವನಾರಾಯಣನ ದರ್ಶನ ಆಗಬೇಕಿತ್ತಲ್ಲ.

ಈ ಕ್ಷೇತ್ರದ ಕಥೆ ನಿಮಗೂ ಗೊತ್ತಿರಬಹುದು, ಆದರೂ ಹೇಳ್ತೀನಿ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಶ್ರೀರಂಗ ಬಿಟ್ಟು ಹೊಯ್ಸಳರ ನಾಡಿಗೆ ಬಂದರು. ಬಿಟ್ಟಿದೇವ, ಅಂದರೆ ವಿಷ್ಣುವರ್ಧನ, ಆಗಿನ ರಾಜ. ಆಚಾರ್ಯರಿಗೆ ಕನಸಿನಲ್ಲಿ ಸೂಚನೆಯಾಗಿ, ಹುತ್ತದಲ್ಲಿ ಮುಚ್ಚಿಹೋಗಿದ್ದ ನಾರಾಯಣನ ಮೂರ್ತಿ ಇಲ್ಲಿ ಸಿಕ್ಕಿತಂತೆ. ನಾಮಕ್ಕೆ ಬೇಕಾದ ಬಿಳಿ ಮಣ್ಣೂ ಇಲ್ಲೇ ದೊರಕಿತಂತೆ. ಹನ್ನೆರಡು ವರ್ಷ ಇಲ್ಲಿದ್ದು, ಹೊರಡುವಾಗ ಶಿಷ್ಯರ ಅಳು ನೋಡಲಾರದೆ ತಮ್ಮದೇ ಒಂದು ವಿಗ್ರಹವನ್ನು ಬಿಟ್ಟುಹೋದರು ಎನ್ನುತ್ತಾರೆ. ಆ ವಿಗ್ರಹ ಈಗಲೂ ದೇವಸ್ಥಾನದಲ್ಲಿ ಇದೆ.

ಮೂಲಮೂರ್ತಿ ಸಿಕ್ಕರೂ ಉತ್ಸವಮೂರ್ತಿ ಇರಲಿಲ್ಲ. ಅದು ದೆಹಲಿಯ ಸುಲ್ತಾನನ ಅರಮನೆಯಲ್ಲಿ, ಅವನ ಮಗಳ ಕೈಯಲ್ಲಿ ಗೊಂಬೆಯಾಗಿತ್ತಂತೆ. ಆಚಾರ್ಯರು ಅಲ್ಲಿಯವರೆಗೂ ಹೋಗಿ "ಚೆಲುವಪಿಳ್ಳೆ, ಬಾರಪ್ಪಾ" ಎಂದು ಕರೆದಾಗ ವಿಗ್ರಹ ಮಗುವಿನಂತೆ ಗೆಜ್ಜೆ ಸದ್ದು ಮಾಡಿಕೊಂಡು ಬಂದು ತೊಡೆಯೇರಿತಂತೆ. ತರುವಾಗ ದಾರಿಯಲ್ಲಿ ನೆರವಾದವರು ಆಗಿನ ಕಾಲ ಊರಿನಿಂದ ಹೊರಗಿಟ್ಟಿದ್ದ ಜನ. ಅವರನ್ನು ಆಚಾರ್ಯರು ತಿರುಕುಲದವರು ಎಂದು ಕರೆದು, ವರ್ಷದಲ್ಲಿ ಮೂರು ದಿನ ದೇವಸ್ಥಾನದ ಒಳಗೆ ಬಿಡುವ ಕಟ್ಟಳೆ ಮಾಡಿದರಂತೆ. ಇತ್ತ ಗೊಂಬೆಯನ್ನು ಬಿಟ್ಟಿರಲಾರದ ಸುಲ್ತಾನನ ಮಗಳು ಮೇಲುಕೋಟೆಗೇ ಬಂದು ದೇವರ ಪಾದದಲ್ಲಿ ಐಕ್ಯವಾದಳು. ಅವಳೇ ಬೀಬಿ ನಾಚ್ಚಿಯಾರ್. ಸ್ವಾಮಿಯ ಪಾದದ ಬಳಿ ಅವಳ ಚಿಕ್ಕ ಮೂರ್ತಿ ಇದೆ. ಅರ್ಚಕರು ಮಂಗಳಾರತಿಯ ಬೆಳಕಿನಲ್ಲಿ ತೋರಿಸುತ್ತಾರೆ, ಕೇಳಿ ನೋಡಿ. ನನ್ನ ಮಗ ಇದನ್ನು ಕೇಳಿ, "ಅಮ್ಮ, ರಾಮಾನುಜರ ಕಾಲದಲ್ಲಿ ದೆಹಲಿಯಲ್ಲಿ ಸುಲ್ತಾನರೇ ಇರಲಿಲ್ಲ, ಅವರು ಬಂದದ್ದು 1206ರಲ್ಲಿ" ಎಂದ. ಇರಬಹುದಪ್ಪ. ಆದರೆ ಹೊರಗಿನವಳು ಎಂದು ದೂಡದೆ ಅಂಥವಳೊಬ್ಬಳಿಗೆ ದೇವರ ಪಾದದಲ್ಲೇ ಜಾಗ ಕೊಟ್ಟು, ಇಷ್ಟು ಶತಮಾನ ಪೂಜೆ ಮಾಡಿಕೊಂಡು ಬಂದಿರುವುದು ಸುಳ್ಳಲ್ಲವಲ್ಲ. ಒಡಹುಟ್ಟಿದವಳನ್ನೇ ಎರಡು ವರ್ಷ ಹೊರಗಿಟ್ಟ ನಾನು ಅಲ್ಲಿ ನಿಂತು ಏನು ಬೇಡಿಕೊಳ್ಳಲಿ, ತೋಚಲಿಲ್ಲ.

ವೈರಮುಡಿ ಉತ್ಸವ ಫಾಲ್ಗುಣ ಮಾಸದಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ. ಗರುಡ ತಂದ ಕಿರೀಟವೆಂದು ಪುರಾಣ. ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಟ ವಜ್ರದ ಕಿರೀಟಕ್ಕೆ ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಪೂಜೆ ನಡೆಯುತ್ತೆ. ಅದರ ಮೇಲೆ ಸೂರ್ಯನ ಬೆಳಕು ಬೀಳಬಾರದೆಂದು ರಾತ್ರಿಯೇ ತೊಡಿಸಿ, ಗರುಡವಾಹನದಲ್ಲಿ ಮೆರವಣಿಗೆ ಮಾಡಿ, ಬೆಳಗಾಗುವುದರೊಳಗೆ ತೆಗೆದುಬಿಡುತ್ತಾರೆ. ಇದಲ್ಲದೆ ಮೈಸೂರಿನ ರಾಜ ಒಡೆಯರು ಒಪ್ಪಿಸಿದ ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ ಎಂಬ ಕಿರೀಟಗಳೂ ಇವೆ. ವೈರಮುಡಿ ನೋಡಲೇಬೇಕಾದದ್ದು ನಿಜ. ಆದರೆ ಮಂಡಿನೋವಿನವರು, ಕೈಗೂಸಿನವರು ಅಂದು ಹೋಗಬೇಡಿ, ಲಕ್ಷಗಟ್ಟಲೆ ಜನ ಸೇರುತ್ತಾರೆ.

ದರ್ಶನ ಮುಗಿಯುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಗುಡಿಯ ಬೀದಿಯಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲು ಮಾರುವ ಸಣ್ಣ ಹೋಟೆಲುಗಳಿವೆ. ಒಂದರಲ್ಲಿ ಅಡಿಗೆ ಮಾಡುತ್ತಿದ್ದ ಹಿರಿಯ ಹೆಂಗಸನ್ನು ನಾನು ಬಿಡದೆ ಮಾತಾಡಿಸಿದೆ. ಅವರು ಹೇಳಿದ್ದನ್ನು ಮನೆಗೆ ಬಂದು ಎರಡು ಸಲ ಮಾಡಿ ನೋಡಿ ನಿಮಗೆ ಹೇಳುತ್ತಿದ್ದೇನೆ, ಬರೆದುಕೊಳ್ಳಿ.

ಅರ್ಧ ಕಿಲೋ ಅಕ್ಕಿಯ ಅನ್ನಕ್ಕೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಹಳೇ ಹುಣಸೆಹಣ್ಣು ನೆನೆಹಾಕಿ ಗಟ್ಟಿ ರಸ ತೆಗೆಯಿರಿ. ಎರಡು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಮೆಂತ್ಯ, ಒಂದು ಚಮಚ ಮೆಣಸು, ಅರ್ಧ ಚಮಚ ಜೀರಿಗೆ, ಹತ್ತು ಬ್ಯಾಡಗಿ ಮೆಣಸಿನಕಾಯಿ, ಇವನ್ನು ಬೇರೆ ಬೇರೆ ಹುರಿದು ಪುಡಿ ಮಾಡಿ. ಅರ್ಧ ಬಟ್ಟಲು ಎಳ್ಳೆಣ್ಣೆಯಲ್ಲಿ ಸಾಸಿವೆ, ಕಡಲೆಕಾಯಿ ಬೀಜ, ಕರಿಬೇವು, ಇಂಗಿನ ಒಗ್ಗರಣೆ ಮಾಡಿ, ಹುಣಸೆರಸ, ಅರಿಸಿನ, ಉಪ್ಪು, ಒಂದು ಹಿಡಿ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಕುದಿಸಿ. ಆಮೇಲೆ ಪುಡಿ ಬೆರೆಸಿ ಇಳಿಸಿ. ಅನ್ನ ಉದುರಾಗಿರಬೇಕು. ಅಗಲವಾದ ತಟ್ಟೆಯಲ್ಲಿ ಹರಡಿ, ಒಂದು ಚಮಚ ಎಳ್ಳೆಣ್ಣೆ ಸವರಿ, ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿ. ಹುರಿದು ಪುಡಿ ಮಾಡಿದ ಕರಿ ಎಳ್ಳು ಎರಡು ಚಮಚ, ಒಣಕೊಬ್ಬರಿ ತುರಿ ಸ್ವಲ್ಪ, ಇವೆರಡನ್ನೂ ಕಡೆಗೆ ಹಾಕಬೇಕು. ಈರುಳ್ಳಿ, ಬೆಳ್ಳುಳ್ಳಿ ಹತ್ತಿರ ಸುಳಿಯಕೂಡದು. "ಕಲಸಿದ ಕೂಡಲೇ ತಿನ್ನಬೇಡಿ ಅಮ್ಮಾ, ಎರಡು ಗಂಟೆ ಬಿಡಿ. ಹುಳಿ, ಖಾರ, ಉಪ್ಪು ಒಂದಕ್ಕೊಂದು ಹೊಂದಿಕೊಳ್ಳೋಕೆ ಹೊತ್ತು ಬೇಕು" ಅಂದರು ಆಕೆ.

ಊಟವಾದ ಮೇಲೆ ರಾಯಗೋಪುರ ನೋಡಲು ಹೋದೆವು. ಆಕಾಶಕ್ಕೆ ಎದ್ದು ನಿಂತ ದೈತ್ಯ ಕಲ್ಲುಕಂಬಗಳು, ಮೇಲೆ ಗೋಪುರವೇ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟುತ್ತಿದ್ದಾಗ ಬೆಳಗಾಗಿ ಅರ್ಧಕ್ಕೇ ನಿಂತಿತು ಎಂದು ಊರಿನವರ ಕಥೆ. ಅಲ್ಲಿಂದ ಅಕ್ಕ-ತಂಗಿಯರ ಕೊಳಕ್ಕೆ ನಡೆದೆವು. ಪಕ್ಕಪಕ್ಕದಲ್ಲೇ ಎರಡು ಕಲ್ಲುಕಟ್ಟಡದ ಕೊಳಗಳು. ದಂಡೆಯ ಹತ್ತಿರ ಮರದ ನೆರಳಲ್ಲಿ ಸೌತೆಕಾಯಿ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಎರಡು ಸೌತೆಕಾಯಿ ಕೊಂಡು ಅವಳ ಹತ್ತಿರವೇ ಕೂತೆವು.

"ಅಕ್ಕ-ತಂಗೀರಾ?" ಎಂದು ಕೇಳಿದಳು. ಹೌದು ಅಂದೆವು.

"ಹಂಗಾದ್ರೆ ಕೇಳಿ. ಈ ಕೊಳ ಕಟ್ಸಿದೋರೂ ಅಕ್ಕ-ತಂಗೀರೇ ಕಣವ್ವ. ಒಬ್ಳು ಕೂಲಿಗಿಷ್ಟು, ಕಲ್ಲಿಗಿಷ್ಟು, ಗಾರೆಗಿಷ್ಟು ಅಂತ ಕಾಸುಕಾಸಿಗೂ ಲೆಕ್ಕ ಇಟ್ಲಂತೆ. ಇನ್ನೊಬ್ಳು ಧರ್ಮದ ಕೆಲಸಕ್ಕೆ ಲೆಕ್ಕ ಏನು ಅಂತ ಕೈಬಿಚ್ಚಿ ಕೊಟ್ಲಂತೆ. ಅದಕ್ಕೇ ನೋಡಿ, ಲೆಕ್ಕ ಇಡದೋಳ ಕೊಳದ ನೀರು ಸಿಹಿ, ಕುಡಿಯೋಕೆ. ಲೆಕ್ಕ ಇಟ್ಟೋಳ ನೀರು ಬಾಯಿಗೆ ಹಾಕಕ್ಕಾಗಲ್ಲ, ಬಟ್ಟೆಬರೆಗೇ ಸರಿ."

"ಲೆಕ್ಕ ಇಟ್ಟೋಳು ಯಾರಜ್ಜಿ?" ಎಂದು ನಾನೇ ಕೇಳಿದೆ. ಯಾಕೆ ಕೇಳಿದೆನೋ!

ಮುದುಕಿ ಬಾಯ್ತುಂಬ ನಕ್ಕಳು. "ಇನ್ಯಾರು ಇಡ್ತಾರವ್ವ? ಅಕ್ಕನೇ!"

ನನ್ನ ಮುಖಕ್ಕೆ ಯಾರೋ ಕಾದ ಎಣ್ಣೆ ಎರಚಿದ ಹಾಗಾಯಿತು. ಮುದುಕಿಗೆ ಪಾಪ, ನಮ್ಮ ಮನೆಯ ಕಥೆ ಏನು ಗೊತ್ತು? ತಂಗಿ ತಲೆತಗ್ಗಿಸಿ ಸೌತೆಕಾಯಿಗೆ ಉಪ್ಪು-ಖಾರ ಸವರುತ್ತಲೇ ಇದ್ದಳು, ತಿನ್ನಲಿಲ್ಲ. ಎದ್ದು ಹೋಗಿಬಿಡೋಣ ಎನಿಸಿತು ನನಗೆ. ಅಷ್ಟರಲ್ಲಿ ಅವಳು ಕೊಳದ ಕಡೆ ನೋಡುತ್ತಾ, "ಬಟ್ಟೆ ಒಗೆಯೋ ನೀರೂ ಬೇಕಲ್ಲ ಅಕ್ಕ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಎಂಟು ತಿಂಗಳು ಅವ್ವನ ಬಟ್ಟೆ ಒಗೆದೋಳು ನೀನು. ನಾನು ಭಾನುವಾರ ಬಂದು ಹಣ್ಣು ಕೊಟ್ಟು ಹೋದೋಳು. ಆವತ್ತು ನೀನು ಪುಸ್ತಕ ಓದಿದಾಗ ನನಗೆ ಉರಿದದ್ದು ಅದಕ್ಕೇ. ನನ್ನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ" ಅಂದಳು.

ನನಗೆ ಗಂಟಲು ಕಟ್ಟಿತು. ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಎಷ್ಟಿತ್ತು! ಭಾನುವಾರ ತಂಗಿ ಬಂದಾಗ ಮಾತ್ರ ಅವ್ವ ತಲೆ ಬಾಚಿಸಿಕೊಳ್ಳುತ್ತಿದ್ದಳು. ವಾರವಿಡೀ ಬೇಡ ಎನ್ನುತ್ತಿದ್ದ ಅನ್ನವನ್ನು ಅವಳ ಕೈಯಲ್ಲಿ ನಾಲ್ಕು ತುತ್ತು ಹೆಚ್ಚಾಗಿ ತಿನ್ನುತ್ತಿದ್ದಳು. ಅದಕ್ಕೆಲ್ಲ ಯಾವ ಕಾಲಮ್ಮು ಹಾಕಲಿ? "ಲೆಕ್ಕ ಇಟ್ಟದ್ದು ತಪ್ಪಲ್ಲ ಕಣೇ, ಆವತ್ತು ಓದಿದ್ದು ತಪ್ಪಾಯ್ತು" ಅಂದೆ. ಅವಳು ಏನೂ ಹೇಳಲಿಲ್ಲ. ಉಪ್ಪು-ಖಾರ ಹಚ್ಚಿದ ಒಂದು ಹೋಳು ನನ್ನ ಕೈಗಿಟ್ಟಳು.

ಕರ್ಚೀಫಿನ ಗಂಟು ಬಿಚ್ಚಿ ಬಳೆಗಳನ್ನು ಅವಳ ಮಡಿಲಿಗೆ ಹಾಕಿದೆ. ಒಂದನ್ನು ಎತ್ತಿಕೊಂಡು ತೊಡಲು ನೋಡಿದಳು, ಗಿಣ್ಣು ದಾಟಲಿಲ್ಲ. ನಾನು ತೊಡಲು ನೋಡಿದೆ, ನನಗೂ ಆಗಲಿಲ್ಲ. ಅವ್ವನ ಕೈ ಅಷ್ಟು ಸಣ್ಣದು! ಆ ಕೈಯಲ್ಲೇ ನಮ್ಮಿಬ್ಬರನ್ನೂ ಸಾಕಿದ್ದಳಲ್ಲ ಎಂದು ನೆನೆದು ಇಬ್ಬರೂ ಅತ್ತೆವು. ಮುದುಕಿ ಗಾಬರಿಯಾಗಿ ಇನ್ನೊಂದು ಸೌತೆಕಾಯಿ ಹೆಚ್ಚಿಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ.

ಬಳೆಗಳು ಈಗಲೂ ನನ್ನ ಬೀರುವಿನಲ್ಲೇ ಇವೆ. ಯಾರಿಗೆ ಎಂದು ಇನ್ನೂ ತೀರ್ಮಾನವಾಗಿಲ್ಲ. "ಇರಲಿ ಬಿಡು, ನಿನ್ನ ಹತ್ರಾನೇ ಇರಲಿ" ಎಂದು ತಂಗಿ ಹೇಳಿದ್ದಾಳೆ. ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತೆ. ಕೆಲವು ಮಾತುಗಳಿಗೆ ಅವಳೂ ನಾನೂ ಇನ್ನೂ ಕೈಹಾಕಿಲ್ಲ. ಆದರೆ ಈಗ ಭಾನುವಾರ ಭಾನುವಾರ ಅವಳ ಫೋನು ಬರುತ್ತೆ. ಪುಳಿಯೋಗರೆ ಸ್ವಲ್ಪ ಸಪ್ಪೆಯಾಯಿತು, ಮೆಣಸು ಜಾಸ್ತಿ ಮಾಡಲಾ ಎಂದು ಕೇಳುತ್ತಾಳೆ.

ಲೆಕ್ಕ ಬರೆಯುವುದನ್ನು ನಾನು ಬಿಟ್ಟಿಲ್ಲ, ನಿಮಗೂ ಬಿಡಿ ಎನ್ನುವುದಿಲ್ಲ. ಮನೆ ನಡೆಯಬೇಕಲ್ಲ! ಸಿಹಿನೀರಿನ ಕೊಳ ಎಷ್ಟು ಮುಖ್ಯವೋ ಬಟ್ಟೆ ಒಗೆಯುವ ಕೊಳವೂ ಊರಿಗೆ ಅಷ್ಟೇ ಮುಖ್ಯ. ಆ ಅಕ್ಕನೂ ಪಾಪ, ಕೊಳ ಕಟ್ಟಿಸಿದಳು ತಾನೇ? ಆದರೆ ಲೆಕ್ಕದ ಪುಸ್ತಕವನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಿಡಬೇಕು ಅನ್ನೋದನ್ನ ನಾನು ಸ್ವಲ್ಪ ತಡವಾಗಿ ಕಲಿತೆ.

ನೀವೂ ಒಮ್ಮೆ ಹೋಗಿ ಬನ್ನಿ. ಬೆಳಿಗ್ಗೆ ಎಂಟರೊಳಗೆ ಊರು ಸೇರಿದರೆ ಬಿಸಿಲೇರುವ ಮುಂಚೆ ಬೆಟ್ಟ ಹತ್ತಬಹುದು. ಎರಡೂ ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿರುತ್ತವೆ, ಸಂಜೆ ಮತ್ತೆ ತೆರೆಯುತ್ತಾರೆ. ಕುಡಿಯುವ ನೀರು, ಮಂಡಿಗೆ ಹಚ್ಚುವ ಎಣ್ಣೆ ಮರೆಯಬೇಡಿ. ಬಾಳೆಹಣ್ಣಿನ ಚೀಲ ಕೋತಿಗೆ ಕಾಣದ ಹಾಗೆ ಹಿಡಿಯಿರಿ. ಬಿಡುವಿದ್ದರೆ ಕವಿ ಪು.ತಿ.ನ. ಅವರ ಮನೆಯನ್ನೂ ನೋಡಿ. 1905ರಲ್ಲಿ ಈ ಊರಿನಲ್ಲೇ ಹುಟ್ಟಿದವರು ಅವರು. ಮನೆಯ ಗಂಡಸರಿಗೆ ಮೇಲುಕೋಟೆಯ ಕೈಮಗ್ಗದ ಪಂಚೆ ತನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಕನೋ ತಂಗಿಯೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಮಾತು ಬಿಟ್ಟಿದ್ದರೆ ಮೊದಲು ನೀವೇ ಫೋನು ಮಾಡಿ. ನನ್ನ ಹಾಗೆ ಅವಳ ಫೋನಿಗಾಗಿ ಎರಡು ವರ್ಷ ಕಾಯಬೇಡಿ.